ಮೊದಲು ದೋಣಿ ನಿಲ್ಲಲಿ, ಆಮೇಲೆ ಗಾಳ

ಕಳೆದ ವಾರ ಕೊಪ್ಪಳದ ಗೆಳೆಯರೊಬ್ಬರು ಹೊಸ ಕಯಾಕ್, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಉದ್ದನೆಯ ಕಿರುದೋಣಿ, ತರಿಸಿ, ಅದರ ಫೋಟೋ ಕಳಿಸಿ, ಇದಕ್ಕೆ ಯಾವ ಗಾಳದ ರಾಡ್ ಕೊಳ್ಳಲಿ ಎಂದು ಕೇಳಿದರು. ಫೋಟೋದಲ್ಲಿ ಮೆತ್ತನೆಯ ಸೀಟಿತ್ತು, ಹುಟ್ಟಿತ್ತು, ರಾಡ್ ಸಿಕ್ಕಿಸಲು ನಾಲ್ಕು ಕೊಳವೆಗಳಿದ್ದವು. ಲಂಗರಿನ ಹಗ್ಗ ಕಟ್ಟಲು ಮೂತಿಯಲ್ಲಾಗಲಿ ಹಿಂಬದಿಯಲ್ಲಾಗಲಿ ಏನನ್ನೂ ಜೋಡಿಸಿರಲಿಲ್ಲ. ರಾಡಿನ ಮಾತು ಆಮೇಲೆ ಆಡೋಣ, ಮೊದಲು ಲೈಫ್ ಜಾಕೆಟ್ ಮತ್ತು ನೂರಡಿ ಹಗ್ಗ ಕೊಳ್ಳಿ ಎಂದೆ. ಅವರಿಗೆ ತುಸು ಬೇಸರವಾದಂತೆ ತೋರಿತು. ಫೋನಿನಲ್ಲಿ ವಿವರಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಂಡೆಯ ಮೇಲೆ ಕೂತು ಗಾಳ ಹಾಕುವವನ ಕಾಲಡಿಯಲ್ಲಿ ನೆಲವಿರುತ್ತದೆ. ಚಿಕ್ಕ ದೋಣಿಯಲ್ಲಿ ಕೂತವನಿಗೆ ಆ ಭಾಗ್ಯವಿಲ್ಲ: ಅವನು ದಾರ ಎಸೆದರೆ ದೋಣಿ ಅಷ್ಟು ತಿರುಗುತ್ತದೆ, ಗಾಳ ಕಲ್ಲಿಗೆ ಸಿಕ್ಕಾಗ ರೀಲ್ ಸುತ್ತಿದರೆ ದೋಣಿಯೇ ಕಲ್ಲಿನತ್ತ ಹೊರಡುತ್ತದೆ, ಗಾಳಿ ಎದ್ದರೆ ಐದು ನಿಮಿಷದ ಹಿಂದೆ ಮೀನು ಕಚ್ಚಿದ ಜಾಗ ಎಲ್ಲೋ ಹಿಂದೆ ಉಳಿದುಹೋಗುತ್ತದೆ. ಕಯಾಕಿನಲ್ಲಿ ಬರಿಗೈಲಿ ಮರಳುವವರಲ್ಲಿ ಹೆಚ್ಚಿನವರು ಸೋಲುವುದು ದೋಣಿಯನ್ನು ಬೇಕಾದಲ್ಲಿ, ಬೇಕಾದ ದಿಕ್ಕಿಗೆ ನಿಲ್ಲಿಸಲಾರದೆ ಎಂಬುದು ಹಲವು ವರ್ಷ ಈ ನೀರಿನಲ್ಲಿ ಕಳೆದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ. ಹೀಗಿದ್ದೂ ಅಂಗಡಿಯಲ್ಲಿ ನಾವು ಒಂದು ಗಂಟೆ ರಾಡುಗಳನ್ನು ಬಗ್ಗಿಸಿ ನೋಡುತ್ತೇವೆ, ಲಂಗರಿನ ಕಡೆ ತಿರುಗಿಯೂ ನೋಡುವುದಿಲ್ಲ.

ನಮ್ಮ ಹಿನ್ನೀರಿನಲ್ಲಿ ಈ ತಪ್ಪು ಇನ್ನಷ್ಟು ದುಬಾರಿಯಾಗುತ್ತದೆ. ತುಂಗಭದ್ರಾ ಜಲಾಶಯವು 1633 ಅಡಿಯ ಪೂರ್ಣ ಮಟ್ಟ ಮುಟ್ಟಿದಾಗ ಅದರ ನೀರು ಸುಮಾರು 378 ಚದರ ಕಿಲೋಮೀಟರ್ ಹರಡಿಕೊಂಡಿರುತ್ತದೆ, ಕೊಪ್ಪಳದ ಕಡೆಯ ಬಯಲಿನಲ್ಲಿ ಅದರ ಮೇಲೆ ಬೀಸುವ ಗಾಳಿಗೆ ಅಡ್ಡ ನಿಲ್ಲುವಂಥದ್ದು ಹೆಚ್ಚೇನೂ ಇಲ್ಲ. ಬೆಳಿಗ್ಗೆ ಆರಕ್ಕೆ ಎಣ್ಣೆ ಹೊಯ್ದಂತೆ ಮಲಗಿರುವ ನೀರು ಆಷಾಢದ ದಿನಗಳಲ್ಲಿ ಹತ್ತು ಗಂಟೆಯಾಗುವಷ್ಟರಲ್ಲಿ ಬಿಳಿ ನೊರೆ ಕಟ್ಟಿಕೊಂಡು ದಡಕ್ಕೆ ಬಡಿಯುತ್ತಿರುತ್ತದೆ.

ಈ ಸೀಮೆಯ ಚಿಕ್ಕ ದೋಣಿಯೆಂದರೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿಯ ಜನ ಹೊಳೆ ದಾಟುವ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿ, ಹೊರಗೆ ಚರ್ಮ ಹೊದಿಸಿದ ಅವು ನೇರವಾಗಿ ಸಾಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ಇಂದು ಆನೆಗೊಂದಿಯಲ್ಲೂ ಸಾಣಾಪುರದಲ್ಲೂ ಚರ್ಮದ ಬದಲಿಗೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಸುತ್ತುವುದು ಮಾತ್ರ ಹಾಗೆಯೇ ಇದೆ. ಆದರೆ ಮೀನು ಹಿಡಿಯುವವನಿಗೆ ಆ ದುಂಡುತನದಿಂದ ಒಂದು ದೊಡ್ಡ ಅನುಕೂಲವಿದೆ. ಹರಿಗೋಲಿಗೆ ಮೂತಿಯೂ ಇಲ್ಲ, ಬೆನ್ನೂ ಇಲ್ಲ. ಕಲ್ಲು ಕಟ್ಟಿದ ಹಗ್ಗವನ್ನು ಅದರ ಯಾವ ಅಂಚಿಗೆ ಬಿಗಿದರೂ ಒಂದೇ.

ಈ ಬುದ್ಧಿಯನ್ನೇ ನಾನು ಮೊದಲ ವರ್ಷ ಕಯಾಕಿಗೂ ಹಚ್ಚಿದೆ. ಡ್ಯಾಮಿನ ಪಕ್ಕದ ಮುನಿರಾಬಾದಿನಿಂದ ಮೇಲೆ, ಒಂಬತ್ತು ಹತ್ತು ಅಡಿ ನೀರಿದ್ದ ಕಡೆ, ಕೈಗೆ ಸುಲಭವೆಂದು ಸೀಟಿನ ಪಕ್ಕದ ಹಿಡಿಗೆ ಹಗ್ಗ ಕಟ್ಟಿ ಲಂಗರು ಇಳಿಸಿದೆ. ಗಾಳಿ ಏರಿತು, ದೋಣಿ ಅಲೆಗಳಿಗೆ ಅಡ್ಡವಾಗಿ ತಿರುಗಿ ನಿಂತಿತು, ಬಿಗಿದ ಹಗ್ಗ ಆ ಪಕ್ಕವನ್ನು ಕೆಳಗೆ ಜಗ್ಗುತ್ತಿದ್ದಂತೆ ಒಂದು ಅಲೆ ಅದರ ಮೇಲಿಂದಲೇ ಹಾದು ಬಂತು. ಮಗುಚಿದ್ದು ತಿಳಿಯುವ ಮೊದಲೇ ನಾನು ನೀರಿನಲ್ಲಿದ್ದೆ. ಜಾಕೆಟ್ ಮೈಮೇಲಿತ್ತು, ಲಂಗರು ಹಿಡಿದಿದ್ದರಿಂದ ಕಯಾಕ್ ತೇಲಿ ಹೋಗದೆ ಅಲ್ಲೇ ಇತ್ತು, ಹೀಗಾಗಿ ಈ ಬರಹ ಬರೆಯುತ್ತಿದ್ದೇನೆ. ರಾಡ್ ಮುಳುಗಿತು, ಹುಟ್ಟು ಗಾಳಿಯ ಜೊತೆ ಹೋಯಿತು, ಬಾಯಿ ತೆರೆದ ಡಬ್ಬಿಯಿಂದ ಹೊರಬಿದ್ದ, ಮೀನಿಗೆ ಆಮಿಷವಾಗಿ ಎಳೆಯುವ ಹಳದಿ ರಬ್ಬರ್ ಕಪ್ಪೆಗಳು ಒಂದರ ಹಿಂದೆ ಒಂದು ಮೆರವಣಿಗೆ ಹೊರಟಂತೆ ದಡದ ಕಡೆ ಸಾಗಿದವು. ಅಂದಿನಿಂದ ನನ್ನ ಹುಟ್ಟನ್ನೂ ರಾಡನ್ನೂ ಗೇಣುದ್ದದ ಬಳ್ಳಿಯ ಬದಲು ಮೂರಡಿ ಬಳ್ಳಿಯಿಂದ ದೋಣಿಗೆ ಕಟ್ಟಿರುತ್ತೇನೆ. ಗೇಣುದ್ದದ್ದು ಕಟ್ಟಿದ್ದರೆ ಹುಟ್ಟು ಹಾಕಲು ಆಗುವುದಿಲ್ಲವೆಂದು ಬಿಚ್ಚಿಡುತ್ತೇವೆ.

ಉದ್ದನೆಯ ದೋಣಿಯನ್ನು ಮೂತಿಯಿಂದ ಇಲ್ಲವೇ ಹಿಂಬದಿಯಿಂದಲೇ ಲಂಗರಿಗೆ ಕಟ್ಟಬೇಕು, ಆಗ ಅದು ಗಾಳಿಗೆ ತುದಿಯೊಡ್ಡಿ ನಿಲ್ಲುತ್ತದೆ. ಸೀಟಿನಲ್ಲಿ ಕೂತವನ ಕೈ ಆ ತುದಿಗೆ ಮುಟ್ಟುವುದಿಲ್ಲವಾದ್ದರಿಂದ, ದೋಣಿಯ ಒಂದು ಪಕ್ಕದಲ್ಲಿ ಮೂತಿಗೊಂದು ಹಿಂಬದಿಗೊಂದು ಚಿಕ್ಕ ರಾಟೆ ಕೂರಿಸಿ, ಅವುಗಳ ನಡುವೆ ತೆಳು ಹಗ್ಗವನ್ನು ಮಾಲೆಯಂತೆ ಸುತ್ತಿಸಿ, ಅದಕ್ಕೊಂದು ಬಳೆಯನ್ನು ಬಿಗಿದು ಕಟ್ಟುತ್ತಾರೆ. ಲಂಗರಿನ ಹಗ್ಗವನ್ನು ಬಳೆಯೊಳಗಿಂದ ಹಾಯಿಸಿ ಬಿಟ್ಟು, ಮಾಲೆಯನ್ನು ಎಳೆದರೆ ಬಳೆ ತುದಿಗೆ ಓಡುತ್ತದೆ. ಬಟ್ಟೆ ಒಣಹಾಕುವ ತಂತಿಗೆ ರಾಟೆ ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಗ್ಗದ ಉದ್ದ ನೀರಿನ ಆಳದ ಐದರಿಂದ ಏಳು ಪಟ್ಟು ಇರಲಿ; ಹಗ್ಗ ನೆಟ್ಟಗೆ ನಿಂತರೆ ಲಂಗರು ಮೇಲಕ್ಕೆ ಕೀಳುತ್ತದೆ, ಓರೆಯಾಗಿ ಮಲಗಿದರೆ ನೆಲವನ್ನು ಕಚ್ಚುತ್ತದೆ. ಹಗ್ಗ ಕತ್ತರಿಸುವ ಚಾಕು ಜಾಕೆಟ್ಟಿನ ಎದೆಯ ಮೇಲೆಯೇ ಇರಬೇಕು, ಡಬ್ಬಿಯಲ್ಲಿಟ್ಟ ಚಾಕು ನನ್ನ ಕಪ್ಪೆಗಳ ದಾರಿ ಹಿಡಿಯುತ್ತದೆ.

ಇನ್ನು ಲಂಗರು ಎಂಥದ್ದಿರಬೇಕು ಎಂಬುದನ್ನು ನಮ್ಮ ಡ್ಯಾಮಿನ ಹೂಳೇ ತೀರ್ಮಾನಿಸುತ್ತದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105.788 ಟಿಎಂಸಿಗೆ ಇಳಿದಿದೆ. ರೈತರಿಗೆ ಅದು ಕಳೆದುಹೋದ ಎರಡನೆಯ ಬೆಳೆ. ಕಯಾಕಿನವನಿಗೆ ಅದು ಕೆಳಗಿರುವ ಮೆತ್ತನೆಯ ಕೆಸರು. ಅಂಗಡಿಯವರು ಕೊಡುವ, ಛತ್ರಿಯಂತೆ ಮಡಚುವ ನಾಲ್ಕು ಕೊಕ್ಕೆಯ ಲಂಗರು ಕಲ್ಲಿನ ಸಂದಿಗೆ ಒಳ್ಳೆಯದು, ಕೆಸರಿನಲ್ಲಿ ಮಾತ್ರ ಗೆರೆ ಕೊರೆಯುತ್ತಾ ಜಾರುತ್ತದೆ. ನಾಲ್ಕಡಿಗಿಂತ ಕಡಿಮೆ ನೀರಿದ್ದಲ್ಲಿ ಲಂಗರೇ ಬೇಡ. ಚೂಪು ಮಾಡಿದ ಎಂಟಡಿ ಬಿದಿರಿನ ಗಳವೊಂದನ್ನು ಕೆಸರಿಗೆ ಚುಚ್ಚಿ ದೋಣಿಯ ತುದಿಯನ್ನು ಅದಕ್ಕೆ ಕಟ್ಟಿದರೆ ಸದ್ದಿಲ್ಲದೆ ನಿಲ್ಲುತ್ತದೆ. ಬಳ್ಳಾರಿ ಜಾಲಿಯ ಪೊದೆಗಳು ಮುಳುಗಿರುವ ಅಂಚಿನಲ್ಲಿ ಕೊಕ್ಕೆಯ ಲಂಗರೇ ಬೇಕು, ಆದರೆ ಅದು ಜಾಲಿಗೆ ಸಿಕ್ಕರೆ ಮೇಲೆ ಬರುವುದಿಲ್ಲ. ಅದಕ್ಕೊಂದು ಉಪಾಯವಿದೆ. ಹಗ್ಗವನ್ನು ಮೇಲಿನ ಬಳೆಗೆ ಕಟ್ಟದೆ ಲಂಗರಿನ ಬುಡಕ್ಕೆ ಕಟ್ಟಿ, ಮೇಲಿನ ಬಳೆಯ ಹತ್ತಿರ ತೆಳು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಸಿಕ್ಕಿಬಿದ್ದಾಗ ಜೋರಾಗಿ ಜಗ್ಗಿದರೆ ಪಟ್ಟಿ ಹರಿದು, ಲಂಗರು ಬುಡ ಮೇಲಾಗಿ ಬಂದ ದಾರಿಯಲ್ಲೇ ಬಿಡಿಸಿಕೊಳ್ಳುತ್ತದೆ.

ನಿಲ್ಲುವುದೇ ಬೇಡ, ಗಾಳಿಯ ಜೊತೆ ನಿಧಾನ ಸರಿಯುತ್ತಾ ಹುಡುಕೋಣ ಎನ್ನುವ ದಿನಗಳಿಗೆ ಒಂದು ಹಳೆಯ ಬಕೆಟ್ ಸಾಕು. ತಳಕ್ಕೆ ನಾಲ್ಕಾರು ತೂತು ಕೊರೆದು ಹಿಂಬದಿಯಿಂದ ನೀರಿಗೆ ಬಿಟ್ಟರೆ ಅದು ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ, ಓಟ ನಡಿಗೆಯಾಗುತ್ತದೆ. ಇದಕ್ಕೆಂದೇ ಹೊಲಿದ ಬಟ್ಟೆಯ ಕೊಳವೆಗಳೂ ಸಿಗುತ್ತವೆ, ಹಣವಿದ್ದವರು ಕೊಳ್ಳಲಿ.

ದೋಣಿ ನಿಂತ ಮೇಲೆ ರಾಡ್. ಕಯಾಕಿಗೆ ಗಿಡ್ಡ ರಾಡ್ ಬೇಕೆಂಬ ಮಾತು ಅರ್ಧ ಸತ್ಯ. ಗಿಡ್ಡವಾಗಿರಬೇಕಾದ್ದು ರೀಲಿನ ಹಿಂದಿನ ಹಿಡಿ, ಏಕೆಂದರೆ ಕೂತವನ ಹೊಟ್ಟೆಗೂ ಜಾಕೆಟ್ಟಿಗೂ ಅದೇ ತಾಗುವುದು. ಒಟ್ಟು ಉದ್ದ ಆರೂವರೆಯಿಂದ ಏಳು ಅಡಿ ಇರಲೇಬೇಕು. ಕಚ್ಚಿದ ಮೀನು ದೋಣಿಯ ಅಡಿಯಿಂದ ಆಚೆ ಪಕ್ಕಕ್ಕೆ ನುಗ್ಗಿದಾಗ ರಾಡಿನ ತುದಿಯನ್ನು ಮೂತಿಯ ಸುತ್ತ ತಿರುಗಿಸಿ ಒಯ್ಯಲು ಆ ಉದ್ದ ಬೇಕು, ಇಲ್ಲವಾದರೆ ದಾರ ದೋಣಿಯ ತಳಕ್ಕೆ ಉಜ್ಜಿ ಹರಿಯುತ್ತದೆ. 2500 ಅಳತೆಯ ಸ್ಪಿನ್ನಿಂಗ್ ರೀಲ್, ಹದಿನೈದು ಇಪ್ಪತ್ತು ಪೌಂಡಿನ ಹೆಣೆದ ದಾರ, ಅದರ ತುದಿಗೆ ಎರಡು ಮೂರು ಅಡಿ ದಪ್ಪ ನೈಲಾನ್ ದಾರ ಸಾಮಾನ್ಯ ಕೆಲಸಕ್ಕೆ ಸಾಕು. ಕಳೆಯೊಳಗಿನ ಕೊರಮೀನಿಗೆ ರಬ್ಬರ್ ಕಪ್ಪೆ ಎಳೆಯುವವರಿಗೆ ಮಾತ್ರ ಗಡುಸಾದ ರಾಡೂ ನಲವತ್ತು ಪೌಂಡಿನ ದಾರವೂ ಬೇಕು. ಕಪ್ಪೆಯ ಮೇಲೆ ನೀರು ಸಿಡಿದ ಕೂಡಲೇ ಜಗ್ಗಬೇಡಿ, ಎರಡೆಣಿಸಿ, ರಾಡನ್ನು ತಲೆಯ ಮೇಲಕ್ಕೆತ್ತದೆ ಪಕ್ಕಕ್ಕೆ ಸೆಳೆಯಿರಿ. ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಕುದಿಯುತ್ತಿರುವುದು ಕಂಡರೆ ಅದರ ಕೆಳಗೆ ಕಾವಲಿಗೆ ತಾಯಿ ತಂದೆ ಇರುತ್ತವೆ. ಅಲ್ಲಿಗೆ ಕಪ್ಪೆ ಎಸೆದು ಹಿಡಿದದ್ದನ್ನು ಬೇಟೆಯೆಂದು ಬೀಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನುಗಳು ಗಳಿಗೆಯಲ್ಲಿ ಮುಗಿಸುತ್ತವೆ.

ಹಿಟ್ಟಿನ ಗಾಳಕ್ಕೆ ಮೀನಿನ ಬಾಯಿ ನೋಡಿದರೆ ಸಾಕು. ಕಟ್ಲಾದ ಬಾಯಿ ಮೇಲ್ಮುಖವಾಗಿದೆ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ, ಮೃಗಾಲಿನ ಬಾಯಿ ಕೆಳಮುಖ, ಅದು ಕೆಸರು ಕೆದಕುತ್ತದೆ, ರೋಹು ನಡುವೆ. ಒಂದೇ ಶೇಂಗಾ ಹಿಂಡಿ ಮತ್ತು ಜೋಳದ ಹಿಟ್ಟಿನ ಉಂಡೆಯನ್ನು ಬೆಂಡಿನ ಕೆಳಗೆ ಎಷ್ಟು ಅಡಿ ಬಿಡುತ್ತೀರಿ ಎಂಬುದರ ಮೇಲೆ ಯಾರು ಬರುತ್ತಾರೆ ಎಂಬುದು ನಿರ್ಧಾರವಾಗುತ್ತದೆ. ಇಲ್ಲಿಯೂ ದೋಣಿ ಸರಿದರೆ ಬೆಂಡು ಓರೆಯಾಗಿ, ಉಂಡೆ ನೀವಿಟ್ಟ ಆಳದಲ್ಲಿ ಉಳಿಯುವುದಿಲ್ಲ.

ದೊಡ್ಡ ಮೀನು ಕಚ್ಚಿದಾಗ ಕಯಾಕಿನವನಿಗೆ ದಂಡೆಯವನಿಗಿಲ್ಲದ ಒಂದು ಸಹಾಯ ದೊರೆಯುತ್ತದೆ: ಮೀನು ದೋಣಿಯನ್ನೇ ಎಳೆದುಕೊಂಡು ಹೋಗಿ ದಣಿಯುತ್ತದೆ. ಹಾಗಾಗಬೇಕಾದರೆ ಲಂಗರಿನ ಹಗ್ಗದ ತುದಿಗೆ ತೇಲುವ ಡಬ್ಬಿಯೊಂದನ್ನು ಕಟ್ಟಿ, ಕಚ್ಚಿದ ಕೂಡಲೇ ಕಳಚಿ ನೀರಿಗೆಸೆಯುವಂತಿರಬೇಕು. ಮೀನು ಕೈಗೆ ಬಂದ ಮೇಲೆ ಮರಳಿ ಡಬ್ಬಿಯನ್ನು ಹಿಡಿದರಾಯಿತು. ರೀಲಿನ ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಹಿಡಿತವನ್ನು, ದಾರ ತಾಳುವ ತೂಕದ ಮೂರರಲ್ಲಿ ಒಂದು ಭಾಗಕ್ಕಿಂತ ಬಿಗಿ ಮಾಡಬೇಡಿ; ಕೊಕ್ಕೆಯ ತೂಕದ ಮಾಪನವೊಂದನ್ನು ಮನೆಯಲ್ಲೇ ದಾರಕ್ಕೆ ಸಿಕ್ಕಿಸಿ ಎಳೆದು ನೋಡಿದರೆ ಲೆಕ್ಕ ಸಿಗುತ್ತದೆ. ಮೀನನ್ನು ಪಕ್ಕಕ್ಕೆ ತಂದು, ಬಲೆಯನ್ನು ಮೊದಲೇ ನೀರಿನೊಳಗಿಟ್ಟು, ತಲೆಯ ಕಡೆಯಿಂದ ಒಳಸೇರಿಸಬೇಕು, ನಿಮ್ಮ ತಲೆ ಮಾತ್ರ ದೋಣಿಯ ಅಂಚು ದಾಟಬಾರದು. ಬಾಳೆಮೀನಾದರೆ ಇಕ್ಕಳವಿಲ್ಲದೆ ಬಾಯಿಗೆ ಕೈ ಹಾಕಬೇಡಿ.

ಡ್ಯಾಮಿನ ಕೆಳಗಿನ ಹೊಳೆಗೆ ನಾನು ಕಯಾಕ್ ಇಳಿಸುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಆ ಹರಿವು 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶ, ಅಲ್ಲಿ ಮೊಸಳೆಗಳೂ ಇವೆ, ಗೇಟಿನಿಂದ ಬಿಟ್ಟ ನೀರು ಬಂಡೆಗಳ ನಡುವೆ ಬಂದರೆ ಯಾವ ಲಂಗರೂ ಉಪಯೋಗಕ್ಕೆ ಬರುವುದಿಲ್ಲ. ಹಿನ್ನೀರಿನಲ್ಲಿಯೂ ಮೀನು ಹಿಡಿಯುವ ಹಕ್ಕು ಪರವಾನಗಿಯವರದ್ದು, ಕೇಳಿಯೇ ಇಳಿಯಬೇಕು. ಥರ್ಮಾಕೋಲಿನ ತುಂಡುಗಳು ಸಾಲಾಗಿ ತೇಲುತ್ತಿದ್ದರೆ ಕೆಳಗೆ ಒಬ್ಬರ ಹೊಟ್ಟೆಪಾಡಿನ ಬಲೆಯಿದೆ, ಅದರ ಹತ್ತಿರ ಲಂಗರು ಬಿಡಬಾರದು.

ಗೆಳೆಯರು ನಿನ್ನೆ ಹಗ್ಗ ಕೊಂಡರಂತೆ, ಗಂಗಾವತಿಯ ಅಂಗಡಿಯೊಂದರಲ್ಲಿ, ನೀಲಿ ಬಣ್ಣದ ಅಗ್ಗದ ಪ್ಲಾಸ್ಟಿಕ್ ಹಗ್ಗ. ಅದು ನೀರಿನ ಮೇಲೆ ತೇಲುತ್ತದೆ, ಬೇರೆ ದೋಣಿಯ ಮೋಟಾರಿಗೆ ಸುತ್ತಿಕೊಳ್ಳುತ್ತದೆ. ಮುಳುಗುವ ನೈಲಾನ್ ಹಗ್ಗ ತನ್ನಿ ಎಂದು ಈಗಷ್ಟೇ ಸಂದೇಶ ಕಳಿಸಿದ್ದೇನೆ. ಉತ್ತರವಾಗಿ ಮತ್ತೆ ಎರಡು ರಾಡುಗಳ ಫೋಟೋ ಬಂದಿದೆ.