ಅಡುಗೆಮನೆಗೆ ಬೆನ್ನು ಹಾಕಿದ ಮೈಕು

ನಮ್ಮ ಮನೆ ಕುಕ್ಕರಿಗೆ ಎಂಥ ಶಾರೀರವಿದೆ ಅಂತ ಗೊತ್ತಾಗಿದ್ದು ಕಂಡೆನ್ಸರ್ ಮೈಕು ಬಂದ ಮೇಲೆ. ಕಥೆ ಓದಿ ಯೂಟ್ಯೂಬಿಗೆ ಹಾಕೋಣ ಅಂತ ಹೊರಟವನು ನಾನು. ರೆಕಾರ್ಡಿಂಗ್ ಹಾಕಿ ಕೇಳಿದರೆ ಕುಕ್ಕರಿನ ವಿಷಲ್ ಮುಂದೆ, ನಾನು ಹಿಂದೆ. ಜೊತೆಗೆ ಸೊಪ್ಪಿನವಳ ಕೂಗು, ಫ್ಯಾನಿನ ಟಕಟಕ, ಪಕ್ಕದ ಮನೆ ಸೀರಿಯಲ್ಲಿನ ಅತ್ತೆಯ ಗದರಿಕೆ.

ಕಂಡೆನ್ಸರಿನ ಸ್ವಭಾವವೇ ಅದು. ಒಳಗಿನ ಪೊರೆ ಬಹಳ ತೆಳು, ಸಣ್ಣ ಸದ್ದಿಗೂ ಅಲುಗುತ್ತದೆ. ಸದ್ದಿಲ್ಲದ ಸ್ಟುಡಿಯೋದಲ್ಲಿ ಅದು ವರ. ಎರಡು ಬೆಡ್‌ರೂಮಿನ ಬಾಡಿಗೆ ಮನೆಗೆ ಅಷ್ಟು ಸೂಕ್ಷ್ಮವಲ್ಲದ ಡೈನಮಿಕ್ ಮೈಕೇ ವಾಸಿ. 1966ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ58 ಅನ್ನೋ ಡೈನಮಿಕ್ ಮೈಕು ಇವತ್ತಿಗೂ ವೇದಿಕೆಗಳ ಮೇಲಿದೆ ಅಂದರೆ ಸುಮ್ನೆ ಅಲ್ಲ. ಡೈನಮಿಕ್ ಮೈಕು ಮನೆಯ ಸದ್ದನ್ನು ಕಡಿಮೆ ಹಿಡಿಯೋದಕ್ಕೆ ಒಂದು ದೊಡ್ಡ ಕಾರಣ ನಾವು ಅದನ್ನು ಬಾಯಿಗೇ ತಂದಿಟ್ಟುಕೊಳ್ಳೋದು. ಇದನ್ನು ಅಂಗಡಿಯವನು ಹೇಳೋದಿಲ್ಲ. ಹೇಳಿದರೆ ದುಬಾರಿ ಮೈಕು ಯಾರು ಕೊಳ್ಳುತ್ತಾರೆ?

ನನ್ನ ಭಾವಮೈದ 'ನಾನು ಸೆಟ್ ಮಾಡಿಕೊಡ್ತೀನಿ ಭಾವ' ಅಂತ ಬಂದ. ಮೈಕನ್ನು ಐಸ್‌ಕ್ರೀಮ್ ಥರ ಹಿಡಿದು ಅದರ ನೆತ್ತಿಗೆ 'ಹಲೋ ಹಲೋ ಮೈಕ್ ಟೆಸ್ಟಿಂಗ್' ಅಂದ. ಮೇಜಿನ ಮೇಲೆ ನಿಲ್ಲಿಸುವ ಇಂಥ ಎಷ್ಟೋ ಮೈಕುಗಳಿಗೆ ಕಿವಿ ಇರೋದು ನೆತ್ತಿಯಲ್ಲಲ್ಲ, ಪಕ್ಕದಲ್ಲಿ. ಸಾಮಾನ್ಯವಾಗಿ ಕಂಪನಿಯ ಗುರುತು ಇರುವ ಕಡೆಯೇ ಮುಖ. ಹಾಗಂತ ಹೇಳಿದೆ. 'ಕೇಬಲ್ ಲೂಸಿದೆ' ಅಂತ ತೀರ್ಪು ಕೊಟ್ಟು ಕಾಫಿ ಕುಡಿದು ಹೋದ.

ದೂರದ್ದು ಇನ್ನೊಂದು ಪೇಚು. ಬಾಯಿಂದ ಮೈಕಿಗೆ ಹೆಚ್ಚುಕಡಿಮೆ ಒಂದು ಗೇಣು, ಅಂದರೆ 15–20 ಸೆಂಟಿಮೀಟರ್ ಇದ್ದರೆ ಸಾಕು. ಅದು ಎರಡರಷ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸರಿ ಅಂತ ಗೇನ್, ಅಂದರೆ ಮೈಕಿನ ದನಿ ಹಿಗ್ಗಿಸುವ ಮಟ್ಟ, ಏರಿಸಿದರೆ ಸೊಪ್ಪಿನವಳೂ ಜೊತೆಗೆ ಏರುತ್ತಾಳೆ. ತೀರಾ ಹತ್ತಿರ ಹೋದರೆ ದನಿ ದಪ್ಪವಾಗಿ ಮಕ್ಕಳ ಕಥೆಯೂ ದೆವ್ವದ ಕಥೆಯಾಗುತ್ತದೆ.

ಹತ್ತಿರ ಹೋದಾಗಲೇ ಮಹಾಪ್ರಾಣದ ಕಾಟವೂ ಶುರು. 'ಭೀಮ' ಅಂದರೆ ಮೈಕಿಗೆ ಗುದ್ದು, 'ಫಲ' ಅಂದರೆ ಬಿರುಗಾಳಿ. ಹೊಟ್ಟೆಯಿಂದ ಉಸಿರು ತಂದು ಹೇಳೋ ಅಂತ ಕನ್ನಡ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಈ ಯಂತ್ರ ನೋಡಿದರೆ 'ಬೀಮ' ಅನ್ನು ಸಾಕು ಅನ್ನುತ್ತದೆ. ಮೇಷ್ಟ್ರ ಮರ್ಯಾದೆ ಉಳಿಸಲು ಪಾಪ್ ಫಿಲ್ಟರ್, ಅಂದರೆ ಉಸಿರಿನ ಗುದ್ದು ತಡೆಯೋ ಪರದೆ, ತಂದೆ. ಮೈಕನ್ನು ಬಾಯಿಯ ನೇರದಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿ ತುಟಿಯ ಅಂಚಿಗೆ ಗುರಿಯಿಟ್ಟೆ. ಉಸಿರು ತನ್ನ ಪಾಡಿಗೆ ನೆಟ್ಟಗೆ ಹೋಗುತ್ತದೆ, ದನಿ ಮಾತ್ರ ಮೈಕಿಗೆ ಸಿಗುತ್ತದೆ.

ಗೋಡೆಗಳ ಗುಂಯ್ ಅನ್ನೋ ಸದ್ದಿಗೆ ಎರಡು ದಪ್ಪ ರಜಾಯಿ ತೂಗುಹಾಕಿದೆ. ಬೇಸಿಗೆಯಲ್ಲಿ ಇವನಿಗೇನಾಯ್ತು ಅಂತ ಎದುರುಮನೆಯವರು ವಿಚಾರಿಸಿಕೊಂಡರು.

ಉಳಿದಿದ್ದು ಅಡುಗೆಮನೆ. ನನ್ನದು ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋ ಮೈಕು; ಅದಕ್ಕೆ ಬೆನ್ನ ಹಿಂದಿನದು ಬಹಳ ಕಡಿಮೆ ಕೇಳಿಸುತ್ತದೆ. ಹಾಗಾಗಿ ಮೈಕಿನ ಬೆನ್ನು ಅಡುಗೆಮನೆಗೆ, ಮುಖ ನನಗೆ. ಕುಕ್ಕರ್ ನಿಜವಾಗಿ ತಣ್ಣಗಾಯಿತು. ಆದರೆ ಹೀಗೆ ಕೂತರೆ ನಾನು ಅಡುಗೆಮನೆಗೆ ಎದುರುಬದುರು ಅಲ್ವಾ? ಲೈವ್ ನಡೆಯುವಾಗ ಹೆಂಡತಿ ಸೌಟು ಎತ್ತಿ ಉಪ್ಪು ಸಾಕಾ ಅಂತ ಕಣ್ಣಲ್ಲೇ ಕೇಳುತ್ತಾಳೆ. ನಾನು ತಲೆಯಾಡಿಸುತ್ತೇನೆ. ಕಥೆಯ ರಾಜ ಸತ್ತದ್ದಕ್ಕೆ ತಲೆಯಾಡಿಸಿದೆ ಅಂತ ನೋಡುವವರು ತಿಳಿಯುತ್ತಾರೆ.

ಅಮ್ಮನಿಗೆ ಸನ್ನೆ ಗಿನ್ನೆ ಆಗಿಬರೋದಿಲ್ಲ. ಮೊನ್ನೆ ಲೈವ್ ಮಧ್ಯೆ ನೇರ ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ, ಮೈಕಿನಿಂದ ಸರಿಯಾಗಿ ಒಂದು ಗೇಣು ದೂರದಲ್ಲಿ ಕೇಳಿದಳು: 'ಗ್ಯಾಸ್ ಬುಕ್ ಮಾಡಿದ್ಯೇನೋ?'

ಒಂದೂ ಮಹಾಪ್ರಾಣವಿಲ್ಲದ ಮಾತು. ಗುದ್ದಿಲ್ಲ, ಗಾಳಿಯಿಲ್ಲ.

ಕೆಳಗೆ ಯಾರೋ ಕಾಮೆಂಟ್ ಹಾಕಿದ್ದರು: 'ಅಮ್ಮನ ಆಡಿಯೋ ಸೂಪರ್ ಸರ್. ಅವರದು ಯಾವ ಮೈಕು?'