ಸ್ವಾವಲಂಬಿಯ ಸೋಪು

ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನನಗೆ ನನ್ನ ಬಗ್ಗೆಯೇ ಅಸಹ್ಯವಾಯಿತು. ಪೇಸ್ಟು ಅಂಗಡಿಯದು, ಬ್ರಷ್ಷು ಅಂಗಡಿಯದು, ಪಕ್ಕದಲ್ಲಿದ್ದ ಸೋಪೂ ಅಂಗಡಿಯದು. ಈ ಮನೆಯಲ್ಲಿ ನಾನಾಗಿ ತಯಾರಿಸುವುದು ಏನು ಎಂದು ಲೆಕ್ಕ ಹಾಕಿದರೆ ಸಿಕ್ಕಿದ್ದು ಕಸವೊಂದೇ. ಬಾಯಿ ಮುಕ್ಕಳಿಸಿ ಬಂದವನೇ ಘೋಷಿಸಿಬಿಟ್ಟೆ: "ಇನ್ನು ಮೇಲೆ ನಮ್ಮದು ಕೊಳ್ಳುವ ಮನೆಯಲ್ಲ. ಬೆಳೆಯುವ ಮನೆ, ಮಾಡಿಕೊಳ್ಳುವ ಮನೆ."

ಹೆಂಡತಿ ಪೇಪರಿನಿಂದ ತಲೆ ಎತ್ತಲಿಲ್ಲ. "ಮೊದಲು ಬಚ್ಚಲ ನಲ್ಲಿಗೊಂದು ವಾಷರ್ ಹಾಕ್ರೀ," ಅಂದಳು. ನಲ್ಲಿ ಇವತ್ತಿಗೂ ತೊಟ್ಟಿಕ್ಕುತ್ತಿದೆ. ಆ ವಿಷಯ ಬಿಡಿ.

ನನ್ನಲ್ಲಿ ದಂಡಿಯಾಗಿದ್ದದ್ದು ಕಸ ತಾನೇ, ಅದರಿಂದಲೇ ಶುರು ಮಾಡಿದೆ. ಹಿತ್ತಿಲಲ್ಲಿ ಗುಂಡಿ ತೋಡಿ ಅಡುಗೆಮನೆಯ ಸಿಪ್ಪೆ, ಉಳಿದುದು ಬಳಿದುದು ಎಲ್ಲ ಸುರಿದು ಗೊಬ್ಬರಕ್ಕಾಗಿ ಕಾದೆ. ಬಂದದ್ದು ವಾಸನೆ. ಅದರ ಹಿಂದೆಯೇ ನೊಣ, ನೊಣದ ಹಿಂದೆ ಪಕ್ಕದ ಮನೆಯವರು. ಹಸಿ ಕಸ ಎಷ್ಟಿದೆಯೋ ಅದರ ಎರಡು ಮೂರು ಪಾಲು ಒಣ ಎಲೆ, ಹುಲ್ಲು ಹಾಕಬೇಕು, ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇರಬೇಕು ಎಂದೆಲ್ಲ ಓದಿದ್ದು ಆಮೇಲೆ. ನನ್ನ ಓದು ಯಾವಾಗಲೂ ಹೀಗೇ, ಕೆಲಸ ಕೆಟ್ಟ ಮಾರನೆಯ ದಿನ ಆರಂಭವಾಗುತ್ತದೆ.

ಒಣ ಎಲೆ ಸೇರಿಸಿ ಮಗುಚಿದ ಮೇಲೆ ರಾಶಿ ಬಿಸಿಯಾಗತೊಡಗಿತು. ಒಳಗಿನ ಶಾಖ 55 ಡಿಗ್ರಿ ದಾಟಿದರೆ ಕಳೆಬೀಜಗಳು ಸಾಯುತ್ತವಂತೆ. ಎಷ್ಟಾಗಿದೆ ನೋಡೋಣವೆಂದು ಮನೆಯಲ್ಲಿದ್ದ ಒಂದೇ ಒಂದು ಥರ್ಮಾಮೀಟರನ್ನು ಚುಚ್ಚಿದೆ. ಅದು ಜ್ವರ ನೋಡುವಂಥದ್ದು, 42ರ ಆಚೆಗೆ ಅದಕ್ಕೆ ಲೆಕ್ಕ ಬಾರದು. ತೊಳೆದು, ಒರೆಸಿ, ಯಾರಿಗೂ ಹೇಳದೆ ಡಬ್ಬಿಗೆ ಸೇರಿಸಿದೆ. ಮುಂದಿನ ವಾರ ಮಗಳಿಗೆ ಮೈ ಬೆಚ್ಚಗಾಗಿ ಹೆಂಡತಿ ಡಬ್ಬಿ ತೆರೆದಾಗ ಸತ್ಯ ಒಪ್ಪಿಕೊಳ್ಳಬೇಕಾಯಿತು. ಅವತ್ತು ಸಂಜೆ ಅಂಗಡಿಗೆ ಹೋಗಿ ಎರಡು ಥರ್ಮಾಮೀಟರ್ ಕೊಂಡೆ, ಮಗಳಿಗೊಂದು, ತಿಪ್ಪೆಗೊಂದು.

ಕೋಳಿ ಪುರಾಣವನ್ನು ಬೇಗ ಮುಗಿಸುತ್ತೇನೆ, ನೋವು ಇನ್ನೂ ಹಸಿಯಾಗಿದೆ. ನಾಲ್ಕು ಮರಿ ತಂದೆ. ಹೇಂಟೆಯಾದರೆ ಸುಮಾರು ಐದು ತಿಂಗಳಿಗೆ ಮೊಟ್ಟೆಗೆ ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟೆ. ಗುರುತಿನ ದಿನ ಬರುವ ಎಷ್ಟೋ ಮುಂಚೆ ಮೂರು ಮರಿಗಳು ಕತ್ತಲಿರುವಾಗಲೇ ಎದ್ದು ಒಂದರ ಮೇಲೊಂದು ಪೈಪೋಟಿಯಿಂದ ಕೂಗಿ ತಾವು ಹುಂಜಗಳೆಂದು ಬೀದಿಗೆಲ್ಲ ಸಾರಿದವು. ಉಳಿದ ಒಂದು ಹೇಂಟೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಟ್ಟಿತು. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಮೊಟ್ಟೆಗಳನ್ನು ನಾವು ತೆಗೆದುಕೊಂಡಿದ್ದರಿಂದ ಅದು ಎಲ್ಲಿಂದಲೋ ಉರುಳಿಬಂದ ಆಲೂಗಡ್ಡೆಯೊಂದರ ಮೇಲೆ ಕೂತಿತ್ತು. ಮೊಟ್ಟೆಯಾಗಿದ್ದರೆ 21 ದಿನಕ್ಕೆ ಮರಿ. ಆಲೂಗಡ್ಡೆ ಅದಕ್ಕೂ ಮೊದಲೇ ಮೊಳಕೆ ಒಡೆಯಿತು. ಆ ವರ್ಷ ನಮ್ಮ ಮನೆಯಲ್ಲಿ ಅಂದುಕೊಂಡ ಹಾಗೆ ಮೊಳೆತ ಬೀಜ ಅದೊಂದೇ, ಅದರ ಕೀರ್ತಿಯೂ ಕೋಳಿಗೇ ಹೋಯಿತು.

ಈಗ ಸೋಪಿಗೆ ಬರುತ್ತೇನೆ.

ಸೋಪು ಮಾಡಲು ಬೇಕಾದದ್ದು ಮೂರೇ, ಎಣ್ಣೆ, ನೀರು, ಕಾಸ್ಟಿಕ್ ಸೋಡಾ. ಮೂರನೆಯದು ಮೈಗೆ ತಾಗಿದರೆ ಸುಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾದ ಮೇಲೆ ಸುರಿಯಕೂಡದು, ಕೊತ ಕೊತ ಕುದಿದು ಮುಖಕ್ಕೆ ಸಿಡಿಯುತ್ತದೆ. ಈ ಸಲ ನಾನು ಮೊದಲೇ ಓದಿದ್ದೆ! 'ಸೋಡಾ ನೀರಿಗೆ, ಸೋಡಾ ನೀರಿಗೆ' ಎಂದು ಜಪಿಸುತ್ತಾ, ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಸಾಲದೆಂದು ತಲೆಗೆ ಹೆಲ್ಮೆಟ್ಟೂ ಹಾಕಿಕೊಂಡು ಹಿತ್ತಿಲಿಗೆ ಹೋದೆ. ನೀರಿಗೆ ಸೋಡಾ ಹಾಕಿದೆ. ಕ್ರಮದಲ್ಲಿ ಕೂದಲಷ್ಟೂ ತಪ್ಪಿರಲಿಲ್ಲ.

ತಪ್ಪಿದ್ದು ಪಾತ್ರೆಯಲ್ಲಿ. ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಅಲ್ಯೂಮಿನಿಯಂ ಪಾತ್ರೆ ಅದು. ಕ್ಷಣದಲ್ಲಿ ಬುಸ್ಸೆಂದು ನೊರೆ ಎದ್ದಿತು, ಬಣ್ಣ ಕಪ್ಪಾಯಿತು, ಹುಂಜಗಳು ಮೂರೂ ಬೇಲಿ ಹಾರಿದವು. ನಾನೂ ಹಾರುತ್ತಿದ್ದೆ, ಹೆಲ್ಮೆಟ್ ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಕೊಂಡಿತು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಬೆಂಕಿಯ ಕಿಡಿ ಹತ್ತಿರವಿದ್ದರೆ ಹೊತ್ತಿಕೊಳ್ಳುತ್ತದೆ ಎಂಬುದು ಮಾರನೆಯ ದಿನದ ಓದಿನಲ್ಲಿತ್ತು.

ಎಲ್ಲ ತಣ್ಣಗಾದ ಮೇಲೆ ಅತ್ತೆ ಬಂದು ಪಾತ್ರೆ ನೋಡಿದರು. ಅದು ಅವರದೇ ಪಾತ್ರೆ.

"ಅಲ್ಯೂಮಿನಿಯಂಗೆ ಸೋಡಾ ಹಾಕಬಾರದಲ್ವೇ," ಅಂದರು.

"ನಿಮಗೆ ಗೊತ್ತಿತ್ತೇ? ನಾನು ಹೆಲ್ಮೆಟ್ ಹಾಕಿಕೊಂಡು ಹೋಗುವಾಗ ಬಾಗಿಲಲ್ಲೇ ಕೂತಿದ್ದಿರಿ. ಒಂದು ಮಾತು ಹೇಳಬಾರದಿತ್ತೇ?"

"ನೀವು ಕೇಳಲಿಲ್ಲವಲ್ಲ."

ಎರಡನೆಯ ಸಲ ಹೊಸ ಸ್ಟೀಲು ಪಾತ್ರೆ ಬಂತು. ಅದರ ಜೊತೆಗೆ ಗ್ರಾಂ ತೂಗುವ ತಕ್ಕಡಿ, ಅಚ್ಚು, ಕಡೆಯುವ ಯಂತ್ರ. ಸ್ವಾವಲಂಬನೆ ಆರಂಭಿಸಿದ ಮೇಲೆ ನಾನು ಅಂಗಡಿಗೆ ಹೋದಷ್ಟು ಸಲ ಅದಕ್ಕೆ ಮೊದಲು ಎಂದೂ ಹೋಗಿರಲಿಲ್ಲ. ಸೋಪೇನೋ ಗಟ್ಟಿಯಾಯಿತು, ಆದರೆ ಕೈ ತೊಳೆದರೆ ಚುರ್ ಎನ್ನುತ್ತಿತ್ತು. ಎಣ್ಣೆಎಣ್ಣೆಗೂ ಸೋಡಾದ ಅಳತೆ ಬೇರೆ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ, ಆಲಿವ್ ಎಣ್ಣೆಗೆ ಸುಮಾರು 13. ನಾನು ಆಲಿವ್ ಎಣ್ಣೆಗೆ ತೆಂಗಿನ ಲೆಕ್ಕ ಹಾಕಿದ್ದೆ. ಮಿಕ್ಕಿದ ಸೋಡಾ ಎಷ್ಟು ದಿನ ಒಣಗಿಸಿಟ್ಟರೂ ಹೋಗುವಂಥದ್ದಲ್ಲ. ಆ ಹತ್ತೂ ಸೋಪು ಬಚ್ಚಲು ಉಜ್ಜಲು ಹೋದವು. ಬಂದ ನೆಂಟರು ಬಚ್ಚಲು ನೋಡಿ ಬೆರಗಾಗಿ ಯಾವ ಕಂಪನಿಯ ಪೌಡರ್ ಎಂದು ಕೇಳಿದರು. ಮೂರನೆಯ ಸಲದ್ದು ಸರಿಯಾಗಿದೆ, ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ, ಸೋಪು ಮಾಡಿದ ಕೈ ತೊಳೆಯಲು ಅಂಗಡಿಯ ಸೋಪು.

ಈ ನಡುವೆ ತಿಪ್ಪೆಯ ಅಂಚಿನಲ್ಲಿ ಯಾರೂ ಹಾಕದ ಕುಂಬಳದ ಬಳ್ಳಿಯೊಂದು ಹಬ್ಬಿ ಮೂರು ಕಾಯಿ ಬಿಟ್ಟಿತ್ತು. ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದೆ, ನಾನೇ ಬೆಳೆದೆ ಎಂದು ಬರೆಯಲಿಲ್ಲ, ಅಲ್ಲ ಎಂದೂ ಬರೆಯಲಿಲ್ಲ. ಒಂದನ್ನು ಕೊಯ್ದು ಬೇಯಿಸಿದೆವು. ಮೊದಲ ತುತ್ತಿಗೇ ಎಲ್ಲರೂ ತಟ್ಟೆ ಬಿಟ್ಟೆದ್ದರು, ವಿಷದಂಥ ಕಹಿ. ತಾಯಿ ಬಳ್ಳಿಯ ಹೂವಿಗೆ ಅಲಂಕಾರದ ಕುಂಬಳದ ಪರಾಗವನ್ನು ಜೇನು ತಂದಿಟ್ಟಿದ್ದರೆ ಬೀಜದಲ್ಲಿ ಹೀಗೆ ಕಹಿ ಸೇರುತ್ತದಂತೆ. ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದರೆ ಹೊಟ್ಟೆ ಕೆಡುತ್ತದೆ. ಹೆಚ್ಚುವಾಗಲೇ ಹಸಿ ಚೂರೊಂದನ್ನು ನಾಲಗೆಗೆ ತಾಗಿಸಿ ನೋಡಿ ಉಗಿದುಬಿಡಬೇಕು ಎಂದು ಅತ್ತೆ ಅಂದದ್ದು ಎಲ್ಲರೂ ಬಾಯಿ ತೊಳೆದುಕೊಂಡು ಬಂದ ಮೇಲೆ.

ಬೇಯಿಸಿದ್ದನ್ನೂ ಅದರ ತಿರುಳನ್ನೂ ಉಳಿದೆರಡು ಕಾಯಿಯನ್ನೂ ತಿಪ್ಪೆಗೆ ಸುರಿದೆ. ಮೂರು ವಾರ ಬಿಟ್ಟು ಮಳೆ ಬಿದ್ದ ಮರುದಿನ ನೋಡಿದರೆ ಹಿತ್ತಿಲ ತುಂಬ ಎರಡೆರಡು ದಪ್ಪ ಎಲೆಯ ಸಸಿಗಳು, ಎಣಿಸಿ ಮುಗಿಯುವಂತಿರಲಿಲ್ಲ. ಅತ್ತೆ ಬಾಗಿಲಲ್ಲೇ ಕೂತಿದ್ದರು. ಈ ಸಲ ನಾನೇ ಹೋಗಿ ಕೇಳಿದೆ.

"ಬೀಜ ತೆಗೆದು ಹಾಕಬೇಕಿತ್ತು," ಅಂದರು.