ಎರಡು ಸಾಲಿಗೆ ಎರಡು ವಾರಾನಾ?

ಇವತ್ತು ಮೀಟಿಂಗಿನಲ್ಲಿ ದೊಡ್ಡವರೊಬ್ಬರು ನಮ್ಮ ಟೀಮಿನ ಹುಡುಗನ ಪ್ಯಾಚ್ (ಕೋಡಿಗೆ ಮಾಡಿದ ತಿದ್ದುಪಡಿ) ನೋಡಿ ನಕ್ಕರು. "ಎರಡು ವಾರ ಕೂತು ಎರಡು ಸಾಲಾ?" ಅವನು ತಲೆ ತಗ್ಗಿಸಿ ಲ್ಯಾಪ್‌ಟಾಪ್ ಮುಚ್ಚಿದ. ನಾನು ಬಾಯಿ ಬಿಡಲಿಲ್ಲ. ಈಗ ಇಲ್ಲಿ ಬಂದು ಕೂಗಾಡ್ತಿದ್ದೀನಿ, ಎಂಥಾ ಶೂರ ನೋಡಿ!

ಅವರಿಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ 'ವೆತ್' ಕಥೆ ಹೇಳಬೇಕಿತ್ತು. ವೆತ್ ಅಂದರೆ ಒಂದೇ ಮೆಷಿನ್ನಿನಲ್ಲಿ ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಕಂಟೇನರ್‌ಗೆ ಎಳೆಯುವ ವರ್ಚುವಲ್ ಕೇಬಲ್. 2015ರಲ್ಲಿ ಟ್ವಿಟರ್‌ನವರಿಗೆ ವಿಚಿತ್ರ ಎರರ್‌ಗಳು ಬರತೊಡಗಿದವು. ಸ್ಟ್ರಿಂಗ್ ಮಧ್ಯೆ ಏನೇನೋ ಅಕ್ಷರ, ಇರಲೇಬೇಕಾದ ಫೀಲ್ಡ್ ಮಾಯ. ಹುಡುಕಿದರೆ ಕೆಟ್ಟ ನೆಟ್‌ವರ್ಕ್ ಸ್ವಿಚ್ಚೊಂದು ಡೇಟಾದ ತುಂಡುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು ಹಾಳು ಮಾಡ್ತಿತ್ತು. ಸರಿ, ಸ್ವಿಚ್ ಕೆಡುತ್ತೆ. ಆದರೆ ಹಾಳಾದ ಪ್ಯಾಕೆಟ್ಟನ್ನು, ದಾರಿಯಲ್ಲಿ ಡೇಟಾ ಕೆಟ್ಟಿದೆಯಾ ಅಂತ ಲೆಕ್ಕ ಹಾಕಿ ನೋಡುವ ಟಿಸಿಪಿ ಚೆಕ್‌ಸಮ್ ಹಿಡಿದು ಬಿಸಾಡಬೇಕಿತ್ತು, ಅಲ್ವಾ?

ಬಿಸಾಡಲಿಲ್ಲ. ಪ್ಯಾಕೆಟ್ ಮೇಲೆ 'ಇನ್ನೂ ಪರೀಕ್ಷೆ ಆಗಿಲ್ಲ' ಅನ್ನೋ ಗುರುತಿದ್ದರೂ ವೆತ್ ಡ್ರೈವರ್ ಅದನ್ನು 'ಪರೀಕ್ಷೆ ಬೇಕಿಲ್ಲ' ಅಂತ ತಿದ್ದುತ್ತಿತ್ತು. ಒಂದೇ ಮೆಷಿನ್ನಿನ ಎರಡು ಕಂಟೇನರ್ ಮಾತಾಡಿಕೊಂಡರೆ ನಡುವೆ ನಿಜವಾದ ತಂತಿಯೇ ಇರಲ್ಲ, ಹಾಗಾಗಿ ಅಡ್ಡಿಯಿಲ್ಲ. ಹೊರಗಿಂದ ಬಂದವರನ್ನೂ 'ನಮ್ಮ ಮನೆಯವರೇ ಬಿಡ್ರೀ' ಅಂತ ಒಳಗೆ ಬಿಟ್ಟಿದ್ದೇ ಎಡವಟ್ಟು. ವರ್ಷಗಟ್ಟಲೆ ಹಾಗೇ ಇತ್ತು. ಕೊನೆಗೆ ರಿಪೇರಿ ಏನು ಗೊತ್ತಾ? ಹಾಗೆ ತಿದ್ದುತ್ತಿದ್ದ ಆ ಒಂದು 'ಇಫ್' ಷರತ್ತನ್ನು ತೆಗೆದುಹಾಕಿದ್ದು. ಸಾಲಿನ ಲೆಕ್ಕದಲ್ಲಿ ಮೈನಸ್! ಸಂಬಳ ವಾಪಸ್ ಕೇಳೋಣವೇ?

ಸುಮ್ನೆ ಕಾಲ ಕಳೆಯೋರೂ ಇರ್ತಾರೆ ಅಂತೀರಾ? ಇರ್ತಾರೆ. ಆದರೆ ನಾನು ನೋಡಿದ ಹಾಗೆ ಅವರೇ ಜಾಸ್ತಿ ಸಾಲು ಬರೆಯೋರು.

ನಾನೇನೂ ಹರಿಶ್ಚಂದ್ರನಲ್ಲ. ಹಿಂದೊಮ್ಮೆ ಪ್ಯಾಕೆಟ್ ಕಾಣೆ ಆಗ್ತಿದೆ ಅಂತ ನೆಟ್‌ವರ್ಕ್ ಟೀಮಿನವರ ಜೊತೆ ನಾಲ್ಕು ದಿನ ಜಗಳ ಆಡಿದ್ದೆ. ಬಂದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿದರೆ ಪ್ಯಾಕೆಟ್ ಬಂದೇ ಬಂದಿತ್ತು. ಬೀಳಿಸ್ತಿದ್ದದ್ದು ನನ್ನದೇ ಮಾಡ್ಯೂಲ್. ಬೈಟ್ ಆರ್ಡರ್ (ಸಂಖ್ಯೆಯ ಬೈಟುಗಳ ಹಿಂದುಮುಂದಿನ ಕ್ರಮ) ತಿರುಗಿಸೋದು ಮರೆತಿದ್ದೆ, ಹಾಗಾಗಿ 8080ನೇ ಪೋರ್ಟನ್ನು ಅದು 36895 ಅಂತ ಓದ್ತಿತ್ತು. ರಿಪೇರಿ ಆಗಿದ್ದು ಒಂದೇ ಸಾಲಲ್ಲಿ. ನೆಟ್‌ವರ್ಕ್ ಟೀಮಿನವರಿಗೆ ಅದನ್ನು ಇವತ್ತಿಗೂ ಹೇಳಿಲ್ಲ.

ಅಂದಹಾಗೆ, ಈ ಹುಡುಗನ ಪ್ಯಾಚಿನಲ್ಲಿ ಕೋಡ್ ಎರಡೇ ಸಾಲು ನಿಜ. ಯಾಕೆ ಹೀಗಾಯಿತು, ಹೇಗೆ ಹಿಡಿದೆ ಅಂತ ಬರೆದ ಕಮಿಟ್ ಮೆಸೇಜ್ ಮಾತ್ರ ನಲವತ್ತು ಸಾಲಿದೆ. ಮೀಟಿಂಗಿನಲ್ಲಿ ಯಾರೂ ಅದನ್ನು ಓದಲಿಲ್ಲ. ನಾನೂ ಈಗಷ್ಟೇ ಓದಿದೆ.